ಕ್ಯಾಮೆರಾ ಓದಲಾರದ ನಂಬರ್ ಪ್ಲೇಟ್‌ಗಳ ಲೆಕ್ಕ ಸರ್ಕಾರದ ಬಳಿ ಇದೆಯೇ? ಇದ್ದರೆ ಕೇಳುವುದು ಹೇಗೆ?

ಪ್ರಶ್ನೆ: ಬೂದು ಸ್ಕೂಟರ್

ಕೆಲವು ವಾರಗಳ ಹಿಂದೆ, ಹೆಲ್ಮೆಟ್ ಧರಿಸದೆ ವಾಹನ ಚಲಾಯಿಸಿದ್ದಕ್ಕೆ ದಂಡ ಕಟ್ಟಬೇಕೆಂದು ನನ್ನ ಮೊಬೈಲಿಗೆ ಸಂದೇಶ ಬಂದಿತು. ಜೊತೆಗಿದ್ದ ಚಿತ್ರವನ್ನು ತೆರೆದು ನೋಡಿದರೆ ವಾಹನವೂ ನನ್ನದಲ್ಲ, ಸವಾರನೂ ನಾನಲ್ಲ. ನನ್ನದು ಬೂದು ಬಣ್ಣದ ಹಳೆಯ ಸ್ಕೂಟರ್. ಚಿತ್ರದಲ್ಲಿದ್ದುದು ಕೆಂಪು ಬೈಕ್. ಚಿತ್ರವನ್ನು ದೊಡ್ಡದು ಮಾಡಿ ನೋಡಿದ ಮೇಲೆ ಕಾರಣ ತಿಳಿಯಿತು. ಆ ಬೈಕಿನ ಪ್ಲೇಟನ್ನು ಬಿಗಿದಿದ್ದ ಸ್ಕ್ರೂವಿನ ತಲೆ ಸರಿಯಾಗಿ 3ರ ಎಡಬದಿಯ ತೆರಪಿನಲ್ಲಿ ಕುಳಿತು ಅದನ್ನು 8 ಮಾಡಿಬಿಟ್ಟಿತ್ತು. ಯಂತ್ರವನ್ನು ಬಯ್ಯಲು ನನಗೂ ಮನಸ್ಸು ಬರಲಿಲ್ಲ, ಏಕೆಂದರೆ ಮೊದಲ ನೋಟಕ್ಕೆ ನನ್ನ ಕಣ್ಣಿಗೂ ಅದು ಎಂಟೇ ಆಗಿತ್ತು.

ದೂರು ಕೊಟ್ಟು, ನೋಂದಣಿ ಪತ್ರದ ಪ್ರತಿ ತೋರಿಸಿದ ಮೇಲೆ ಪ್ರಕರಣ ರದ್ದಾಯಿತು. ಆ ಕಚೇರಿಯಲ್ಲಿದ್ದ ಸಿಬ್ಬಂದಿಯೊಬ್ಬರನ್ನು, ಹೀಗೆ ತಪ್ಪಾಗಿ ಓದಿದವು ಎಷ್ಟು, ಓದಲು ಆಗದೇ ಕೈಬಿಟ್ಟವು ಎಷ್ಟು ಎಂದು ವಿಚಾರಿಸಿದೆ. ‘ಓದೋಕೆ ಆಗದೇ ಇರೋದು ನಮ್ಮ ಲೆಕ್ಕಕ್ಕೇ ಬರಲ್ಲ ಸಾರ್’ ಎಂದರು. ಮಾತು ಸಹಜವಾಗಿಯೇ ಬಂದಿತು, ಆದರೆ ಅಂದಿನಿಂದ ಅದು ನನ್ನ ತಲೆಯಿಂದ ಹೋಗಿಲ್ಲ.

2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಗುರುತಿಸುವ 250 ಕ್ಯಾಮೆರಾಗಳನ್ನೂ ಕೆಂಪು ದೀಪ ದಾಟುವವರನ್ನು ಹಿಡಿಯುವ 80 ಕ್ಯಾಮೆರಾಗಳನ್ನೂ ಅಳವಡಿಸಿದ ಸುದ್ದಿ ಎಲ್ಲರಿಗೂ ನೆನಪಿರಬಹುದು. 2023ರ ಫೆಬ್ರವರಿಯಲ್ಲಿ ಹಳೆಯ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಕೊಟ್ಟಾಗ ಇಂದು ಇಷ್ಟು ಪ್ರಕರಣ, ಇಷ್ಟು ಕೋಟಿ ಎಂದು ದಿನವೂ ಅಂಕಿ ಪ್ರಕಟವಾಗುತ್ತಿತ್ತು. ಸಿಕ್ಕಿಬಿದ್ದವರ ಲೆಕ್ಕ ಅಷ್ಟು ಚೊಕ್ಕಟವಾಗಿರುವಾಗ, ಪ್ಲೇಟ್ ಕಾಣದ ಕಾರಣಕ್ಕೇ ತಪ್ಪಿಸಿಕೊಂಡವರ ಲೆಕ್ಕ ಯಾವ ವರದಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಒಂದು ಸಂಜೆ ಸಿಗ್ನಲ್ ಬಳಿ ಸುಮ್ಮನೆ ನಿಂತು ನೋಡಿ: ಪ್ಲೇಟನ್ನು ಸೀಟಿನ ಅಡಿಗೆ ಮಡಚಿಕೊಂಡ ಬೈಕು, ಹಿಂಬಾಗಿಲಿನ ಸರಪಳಿ ಅಂಕಿಗಳ ಮೇಲೆ ತೂಗಾಡುವ ಹಾಲಿನ ವ್ಯಾನು, ಒಣಗಿದ ಸಿಮೆಂಟ್ ಗಾರೆಯ ಮೇಲೆ ಯಾರೋ ಬೆರಳಾಡಿಸಿ ಕೊನೆಯ ಎರಡು ಅಂಕಿಗಳನ್ನು ಮಾತ್ರ ಕಾಣುವಂತೆ ಮಾಡಿದ ಟ್ಯಾಂಕರು.

ನನ್ನ ಪ್ರಶ್ನೆ ಇಷ್ಟೇ. ಓದಲಾಗದ ಪ್ಲೇಟ್‌ಗಳ ಸಂಖ್ಯೆ ಸರ್ಕಾರದ ಬಳಿ ನಿಜವಾಗಿಯೂ ಇರುತ್ತದೆಯೇ? ಮಾಹಿತಿ ಹಕ್ಕಿನಡಿ ಕೇಳಿದರೆ ಉತ್ತರ ಬರುವಂತೆ ಕೇಳುವುದು ಹೇಗೆ?

ಉತ್ತರ 1: ಕಂಬದ ಮೇಲಿನವ

ಇಂತಹ ಕ್ಯಾಮೆರಾಗಳನ್ನು ಅಳವಡಿಸುವ ಗುತ್ತಿಗೆ ಕೆಲಸದಲ್ಲಿ ಕೆಲವು ವರ್ಷ ಇದ್ದವನು ನಾನು. ನಮ್ಮ ರಾಜ್ಯದಲ್ಲಲ್ಲ, ಹೊರಗೆ. ಆದರೂ ಯಂತ್ರದ ಒಳಗಿನ ಕ್ರಮ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಇದನ್ನು ಹೇಳುತ್ತಿದ್ದೇನೆ.

‘ಓದಲಾಗಲಿಲ್ಲ’ ಎಂಬುದು ಒಂದೇ ಘಟನೆಯಲ್ಲ. ವಾಹನ ಚೌಕಟ್ಟಿನೊಳಗೆ ಬಂದಾಗ ತಂತ್ರಾಂಶ ಮೊದಲು ಪ್ಲೇಟ್ ಎಲ್ಲಿದೆ ಎಂದು ಹುಡುಕುತ್ತದೆ. ಸಿಕ್ಕರೆ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಓದಿ, ಪ್ರತಿಯೊಂದಕ್ಕೂ ‘ನನಗೆ ಇಷ್ಟು ಖಾತ್ರಿ’ ಎಂಬ ಅಂಕವನ್ನು ಕೊಡುತ್ತದೆ. ಆಮೇಲೆ, ಓದಿದ್ದು ನೋಂದಣಿ ಸಂಖ್ಯೆಯ ಅಚ್ಚಿಗೆ ಹೊಂದುತ್ತದೆಯೇ ಎಂದು ನೋಡುತ್ತದೆ: ಎರಡು ಅಕ್ಷರದ ರಾಜ್ಯ ಸಂಕೇತ, ಎರಡು ಅಂಕಿಯ ಕಚೇರಿ ಸಂಕೇತ, ಸರಣಿಯ ಅಕ್ಷರ, ಕೊನೆಗೆ ನಾಲ್ಕು ಅಂಕಿ. ಅದಾದ ಮೇಲೆ ನಿಯಂತ್ರಣ ಕೊಠಡಿಯಲ್ಲಿ ಕುಳಿತವರೊಬ್ಬರು ಚಿತ್ರವನ್ನು ನೋಡಿ ಒಪ್ಪುತ್ತಾರೆ ಅಥವಾ ತಳ್ಳಿಹಾಕುತ್ತಾರೆ. ಕೊನೆಯದಾಗಿ ‘ವಾಹನ್’ ಎಂಬ ವಾಹನ ನೋಂದಣಿ ದತ್ತಾಂಶದಲ್ಲಿ ಆ ಸಂಖ್ಯೆ ಇದೆಯೇ, ಇದ್ದರೆ ವಾಹನದ ಮಾದರಿ ಮತ್ತು ಬಣ್ಣ ಹೊಂದುತ್ತವೆಯೇ ಎಂದು ನೋಡಬೇಕು. ನಿಮ್ಮ ಪ್ರಕರಣ ಎಡವಿದ್ದು ಈ ಕೊನೆಯ ಮೆಟ್ಟಿಲಲ್ಲಿ. ಕೆಂಪು ಬೈಕಿಗೂ ಬೂದು ಸ್ಕೂಟರಿಗೂ ಇರುವ ವ್ಯತ್ಯಾಸವನ್ನು ಯಾರಾದರೂ ಅಥವಾ ಯಾವುದಾದರೂ ಅಲ್ಲಿ ಗಮನಿಸಬೇಕಿತ್ತು.

ಈಗ ಲೆಕ್ಕದ ವಿಷಯ. ಓದಿದ ಮೇಲೆ ಖಾತ್ರಿ ಸಾಲದೆ ಕೈಬಿಟ್ಟದ್ದು, ಪರಿಶೀಲಿಸುವವರು ತಳ್ಳಿಹಾಕಿದ್ದು, ದತ್ತಾಂಶದಲ್ಲಿ ಸಿಗದ್ದು, ಇವೆಲ್ಲಕ್ಕೂ ಸಾಮಾನ್ಯವಾಗಿ ದಾಖಲೆ ಇರುತ್ತದೆ; ತಳ್ಳಿಹಾಕುವಾಗ ಪರದೆಯ ಮೇಲೆ ಕಾರಣವೊಂದನ್ನು ಆಯ್ಕೆ ಮಾಡಲೇಬೇಕಾದ ವ್ಯವಸ್ಥೆಗಳೂ ಇವೆ. ಆದರೆ ಪ್ಲೇಟ್ ಎಲ್ಲಿದೆ ಎಂಬುದೇ ಸಿಗದಿದ್ದರೆ ಕೆಲವು ವ್ಯವಸ್ಥೆಗಳಲ್ಲಿ ಆ ವಾಹನ ಬಂದೇ ಇಲ್ಲ ಎಂಬಂತಾಗುತ್ತದೆ. ಪ್ಲೇಟನ್ನು ಪೂರ್ತಿ ಮುಚ್ಚಿದವನು ಅಂಕಿಅಂಶದಲ್ಲೂ ಮಾಯ. ಅರೆಬರೆ ಮುಚ್ಚಿದವನು ಮಾತ್ರ ‘ಅಸ್ಪಷ್ಟ’ ಎಂಬ ಕಾಲಂನಲ್ಲಿ ಉಳಿಯುತ್ತಾನೆ. ಆದ್ದರಿಂದ ಒಟ್ಟು ಎಷ್ಟು ವಾಹನ ಹಾದುಹೋದವು ಎಂಬ ಎಣಿಕೆ ಬೇರೆಯಾಗಿ ಇಲ್ಲದಿದ್ದರೆ, ಇಲಾಖೆ ಕೊಡುವ ‘ಓದಲಾಗದವು’ ಎಂಬ ಸಂಖ್ಯೆ ನಿಜಕ್ಕಿಂತ ಚಿಕ್ಕದಾಗಿಯೇ ಇರುತ್ತದೆ.

ಇನ್ನೊಂದು ಮಾತು. ಓದಲಾಗದ ಪ್ಲೇಟೆಲ್ಲ ಕಳ್ಳಾಟವಲ್ಲ. ರಾತ್ರಿ ಹೊತ್ತು ಈ ಕ್ಯಾಮೆರಾಗಳು ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಚೆಲ್ಲುತ್ತವೆ. ಪ್ರತಿಫಲಿಸುವ ಹಾಳೆ ಇರುವ ಪ್ಲೇಟ್ ಆ ಬೆಳಕನ್ನು ಬಂದ ದಾರಿಗೇ ಮರಳಿಸಿ ಹಿನ್ನೆಲೆಯನ್ನು ಬೆಳಗಿಸುತ್ತದೆ, ಅಕ್ಷರ ಕಪ್ಪಾಗಿ ನಿಲ್ಲುತ್ತದೆ. ಬರೀ ಬಣ್ಣ ಬಳಿದ ಹಳೆಯ ಪ್ಲೇಟಿನಲ್ಲಿ ಇದು ನಡೆಯದು. ಅಂಗಡಿಯಲ್ಲಿ ಅಂಟಿಸಿಕೊಡುವ ಕೆಲವು ಕಪ್ಪು ಸ್ಟಿಕ್ಕರುಗಳು ನಮ್ಮ ಕಣ್ಣಿಗೆ ಕಡುಗಪ್ಪಾಗಿದ್ದರೂ ಅವಗೆಂಪು ಬೆಳಕಿನಲ್ಲಿ ಮಾಸಿ, ಪ್ಲೇಟ್ ಪೂರಾ ಖಾಲಿ ತಗಡಿನಂತೆ ಕಾಣುತ್ತದೆ. ಅದರ ಮಾಲೀಕನಿಗೆ ತಾನು ಕ್ಯಾಮೆರಾಕ್ಕೆ ಕಾಣದವನು ಎಂಬ ಅರಿವೂ ಇರುವುದಿಲ್ಲ. ಆಯುಧಪೂಜೆಯ ಮರುದಿನ ಅರಿಶಿನ ಕುಂಕುಮ ಬಳಿದು, ಮುಂದೆ ಬಾಳೆಕಂದು ಕಟ್ಟಿಕೊಂಡು ಬರುವ ಲಾರಿಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಪುಣ್ಯಕ್ಕೆ ಅದು ವರ್ಷಕ್ಕೊಮ್ಮೆ.

ಉತ್ತರ 2: ನಮೂನೆ ಎ

ಮೇಲಿನ ಉತ್ತರದಿಂದ ನಿಮ್ಮ ಅರ್ಜಿಗೆ ಅರ್ಧ ದಾರಿ ಸಿಕ್ಕಿದೆ. ಉಳಿದರ್ಧವನ್ನು ನಾನು ಹೇಳುತ್ತೇನೆ, ಏಕೆಂದರೆ ಇಂಥ ಅರ್ಜಿಗಳನ್ನು ಬರೆದು, ತಿರಸ್ಕೃತವಾಗಿ, ಮತ್ತೆ ಬರೆದು ಅಭ್ಯಾಸವಾಗಿದೆ.

ಮೊದಲಿಗೆ, ಮಾಹಿತಿ ಹಕ್ಕು ಕಾಯ್ದೆಯಡಿ ಇಲಾಖೆಯ ಬಳಿ ಇರುವ ಮಾಹಿತಿಯನ್ನು ಮಾತ್ರ ಕೇಳಬಹುದು. ಇಲ್ಲದ ಮಾಹಿತಿಯನ್ನು ನಿಮಗಾಗಿ ಸಂಗ್ರಹಿಸಿ ತಯಾರಿಸಿಕೊಡುವ ಹೊಣೆ ಅದಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ, ಸಿಬಿಎಸ್‌ಇ ಉತ್ತರಪತ್ರಿಕೆಗಳಿಗೆ ಸಂಬಂಧಿಸಿದ ತೀರ್ಪಿನಲ್ಲಿ, ಸ್ಪಷ್ಟಪಡಿಸಿದೆ. ಆದ್ದರಿಂದ ‘ಎಷ್ಟು ವಾಹನಗಳು ಪ್ಲೇಟ್ ಮುಚ್ಚಿಕೊಂಡು ತಪ್ಪಿಸಿಕೊಂಡಿವೆ’ ಎಂದು ಕೇಳಿದರೆ ‘ಅಂತಹ ಮಾಹಿತಿ ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ’ ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ, ಮತ್ತು ಅದು ಸುಳ್ಳೂ ಆಗಿರುವುದಿಲ್ಲ. ಪರಿಶೀಲನೆಯಲ್ಲಿ ತಳ್ಳಿಹಾಕಿದ ಪ್ರಕರಣಗಳ ಮಾಸಿಕ ಸಂಖ್ಯೆ, ತಳ್ಳಿಹಾಕುವಾಗ ಬಳಸುವ ಕಾರಣಗಳ ಪಟ್ಟಿ, ಗುತ್ತಿಗೆದಾರರು ಸಲ್ಲಿಸುವ ಮಾಸಿಕ ಕಾರ್ಯಕ್ಷಮತೆ ವರದಿಯ ಪ್ರತಿ ಎಂದು ದಾಖಲೆಯ ಹೆಸರು ಹಿಡಿದು ಕೇಳಿ. ಓದುವಿಕೆಯ ನಿಖರತೆ ಶೇಕಡಾ ಇಷ್ಟಿರಬೇಕು ಎಂಬ ಷರತ್ತು ಇಂಥ ಗುತ್ತಿಗೆಗಳಲ್ಲಿ ಸಾಮಾನ್ಯ. ಷರತ್ತು ಇದ್ದ ಮೇಲೆ ಅದನ್ನು ಅಳೆದ ಕಾಗದವೂ ಎಲ್ಲೋ ಇರಲೇಬೇಕು. ‘ಅದು ಗುತ್ತಿಗೆದಾರರ ಬಳಿ ಇದೆ’ ಎಂದು ಜಾರಿಕೊಂಡರೆ ಕಲಂ 2(ಜೆ) ನೋಡಿಸಿ. ಪ್ರಾಧಿಕಾರದ ಬಳಿ ಇರುವುದು ಮಾತ್ರವಲ್ಲ, ಅದರ ನಿಯಂತ್ರಣದಲ್ಲಿರುವುದೂ ನಮ್ಮ ಹಕ್ಕಿನ ವ್ಯಾಪ್ತಿಗೆ ಬರುತ್ತದೆ.

ಎರಡನೆಯದಾಗಿ, ನಮ್ಮ ರಾಜ್ಯದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದಗಳನ್ನು ಮೀರಬಾರದು. ತಪ್ಪು ನೋಟಿಸಿನ ನಿಮ್ಮ ಕಥೆಯನ್ನು ಅದರಲ್ಲಿ ಬರೆಯಬೇಡಿ. ಮನಸ್ಸಿಗೆ ಸಮಾಧಾನವಾಗುತ್ತದೆಯೇ ಹೊರತು ಪದಗಳೆಲ್ಲ ಅದಕ್ಕೇ ಖರ್ಚಾಗುತ್ತವೆ. ಶುಲ್ಕ 10 ರೂಪಾಯಿ. 30 ದಿನದೊಳಗೆ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ.

ಮೂರನೆಯದು ಕಾನೂನಿನ ಹಿನ್ನೆಲೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ ಸೇರಿದ 167ಎ ನಿಯಮದ ಪ್ರಕಾರ, ಕ್ಯಾಮೆರಾ ಆಧಾರದ ನೋಟಿಸು ಉಲ್ಲಂಘನೆ ನಡೆದ 15 ದಿನದೊಳಗೆ ಹೋಗಬೇಕು. ಅದರಲ್ಲಿ ತಪ್ಪನ್ನೂ ನಂಬರ್ ಪ್ಲೇಟನ್ನೂ ಎದ್ದು ತೋರಿಸುವ ಚಿತ್ರಸಾಕ್ಷ್ಯವಿರಬೇಕು. ಅಂದರೆ ಪ್ಲೇಟ್ ಕಾಣದ ಚಿತ್ರದ ಮೇಲೆ ನೋಟಿಸು ಕಳುಹಿಸುವಂತೆಯೇ ಇಲ್ಲ. ಹಾಗಾದರೆ ಅಂಥ ಚಿತ್ರಗಳನ್ನು ಪ್ರತಿದಿನವೂ ಯಾರೋ ಒಬ್ಬರು ಕೈಬಿಡುತ್ತಿರಲೇಬೇಕು. ನೀವು ಕೇಳಬೇಕಾದದ್ದು ಆ ಕೈಬಿಟ್ಟವುಗಳ ಲೆಕ್ಕವನ್ನು.

ಉತ್ತರ 3: ಕ್ವೀನ್ಸ್ ಕನ್ನಡಿಗ

ನಾನು ನ್ಯೂಯಾರ್ಕಿನಲ್ಲಿರುವುದರಿಂದ ಇಲ್ಲಿ ಇದೇ ವಿಷಯ ಹೇಗೆ ವರದಿಯಾಗುತ್ತದೆ ಎಂದು ಹೇಳಬಲ್ಲೆ. ಇಲ್ಲಿ ಶಾಲಾ ವಲಯಗಳ ವೇಗಮಿತಿ ಕ್ಯಾಮೆರಾಗಳು 2022ರ ಆಗಸ್ಟ್‌ನಿಂದ ದಿನದ 24 ಗಂಟೆಯೂ ಕೆಲಸ ಮಾಡುತ್ತಿವೆ. ದಂಡ 50 ಡಾಲರ್. ಕ್ಯಾಮೆರಾ ಬಳಸಲು ಅನುಮತಿ ಕೊಟ್ಟ ರಾಜ್ಯ ಕಾನೂನೇ ಪ್ರತಿವರ್ಷ ವರದಿ ಸಲ್ಲಿಸಬೇಕೆಂದು ನಗರಕ್ಕೆ ವಿಧಿಸಿದೆ. ಕ್ಯಾಮೆರಾ ಹಿಡಿದದ್ದೆಲ್ಲ ನೋಟಿಸು ಆಗುವುದಿಲ್ಲ, ಪ್ಲೇಟ್ ಮುಚ್ಚಿದ್ದರಿಂದಲೋ ತಾತ್ಕಾಲಿಕ ಕಾಗದದ ಪ್ಲೇಟ್ ಇದ್ದುದರಿಂದಲೋ ಕೈಬಿಟ್ಟದ್ದೂ ಇರುತ್ತದೆ ಎಂಬ ಚರ್ಚೆ ಇಲ್ಲಿ ಬಹಿರಂಗವಾಗಿಯೇ ನಡೆಯುತ್ತದೆ. ಇಂಥವುಗಳನ್ನು ಇಲ್ಲಿನವರು ಭೂತದ ಪ್ಲೇಟ್ ಎನ್ನುತ್ತಾರೆ. ಅಂಕಿಯ ಮೇಲೆ ಪ್ಲಾಸ್ಟಿಕ್ ಎಲೆಯೊಂದನ್ನು ಅಂಟಿಸಿ, ಮರದಿಂದ ಈಗಷ್ಟೇ ಉದುರಿದಂತೆ ಬಿಡುವುದು ಇಲ್ಲಿನ ಜಾಣರ ಹೊಸ ಕಲೆ. ಚಳಿಗಾಲದಲ್ಲಿ ಹಸಿರೆಲೆ ಕಂಡರೆ ಮಾತ್ರ ನಗು ತಡೆಯಲಾಗದು.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು 2019ರ ಒಂದು ಘಟನೆಯನ್ನು. ಆ ವರ್ಷದ ಆಗಸ್ಟ್‌ನಲ್ಲಿ ಅಂದಿನ ಗವರ್ನರ್ ಆಂಡ್ರ್ಯೂ ಕುವೊಮೊ ಅವರ ಸರ್ಕಾರ, ಹತ್ತು ವರ್ಷ ಹಳೆಯ ಪ್ಲೇಟ್‌ಗಳನ್ನೆಲ್ಲ 25 ಡಾಲರ್ ಕೊಟ್ಟು ಬದಲಾಯಿಸಿಕೊಳ್ಳಬೇಕು ಎಂದು ಪ್ರಕಟಿಸಿತು. ಹಳೆಯ ಪ್ಲೇಟ್‌ಗಳನ್ನು ಸಿಗ್ನಲ್ ಮತ್ತು ಟೋಲ್ ಕ್ಯಾಮೆರಾಗಳು ಓದಲಾರವು ಎಂಬುದು ಕೊಟ್ಟ ಕಾರಣಗಳಲ್ಲೊಂದು. ಜನ ಕೇಳಿದ್ದು ನೇರ ಪ್ರಶ್ನೆ: ನನ್ನ ಪ್ಲೇಟ್ ಹಳೆಯದಾದರೂ ಸ್ಪಷ್ಟವಾಗಿದೆ, ನಾನೇಕೆ ದುಡ್ಡು ಕೊಡಬೇಕು? ಹಳೆಯದೆಲ್ಲ ಓದಲಾಗದ್ದು ಎಂಬುದನ್ನು ಒಪ್ಪಲು ಜನ ತಯಾರಿರಲಿಲ್ಲ. ಗಲಾಟೆ ಜೋರಾಗಿ ಆ ವರ್ಷ ಮುಗಿಯುವ ಮೊದಲೇ ಯೋಜನೆಯನ್ನು ಕೈಬಿಡಲಾಯಿತು. ಮೇಲ್ಪದರ ಸುಲಿದುಹೋಗುವ ಪ್ಲೇಟ್‌ಗಳ ಸಮಸ್ಯೆ ಇಲ್ಲಿ ನಿಜಕ್ಕೂ ಇತ್ತು. ಆದರೆ ಸುಲಿದದ್ದು ಎಷ್ಟು, ಮುಚ್ಚಿದ್ದು ಎಷ್ಟು, ಕ್ಯಾಮೆರಾ ತಾನೇ ಸೋತದ್ದು ಎಷ್ಟು ಎಂದು ಬಿಡಿಸಿ ತೋರಿಸದೆ ಎಲ್ಲರಿಂದಲೂ ಹಣ ಕೇಳಿದ್ದು ಕೆಟ್ಟಿತು.

ಇದಕ್ಕೆ ಎದುರಾಗಿ, ಇಲ್ಲಿನ ರೈಲು, ಬಸ್ಸು, ಟೋಲ್ ಸೇತುವೆಗಳನ್ನು ನಡೆಸುವ ಮೆಟ್ರೋಪಾಲಿಟನ್ ಸಾರಿಗೆ ಪ್ರಾಧಿಕಾರ ನೇಮಿಸಿದ ಸಮಿತಿಯೊಂದು 2023ರ ಮೇ ತಿಂಗಳಲ್ಲಿ ಟಿಕೆಟ್ ಮತ್ತು ಟೋಲ್ ವಂಚನೆಯ ಬಗ್ಗೆ ವರದಿ ಕೊಟ್ಟಿತು. 2022ರಲ್ಲಿ ಸೇತುವೆ ಮತ್ತು ಸುರಂಗ ಮಾರ್ಗಗಳ ಟೋಲಿನಲ್ಲಿ ಆದ ನಷ್ಟವನ್ನು ಅದು 4.6 ಕೋಟಿ ಡಾಲರ್ ಎಂದು ಅಂದಾಜಿಸಿತು. 2024ರ ಮಾರ್ಚ್‌ನಲ್ಲಿ ರಾಜ್ಯ, ನಗರ ಮತ್ತು ಪ್ರಾಧಿಕಾರ ಸೇರಿ ಭೂತದ ಪ್ಲೇಟ್‌ಗಳ ಬೆನ್ನುಹತ್ತುವ ಜಂಟಿ ಪಡೆಯನ್ನು ರಚಿಸಿದವು. ಟೋಲ್ ವಸೂಲಿ ಮಾಡುವ ಸಂಸ್ಥೆಗೆ ಓದಲಾಗದ ಪ್ಲೇಟ್ ಎಂದರೆ ಕೈಬಿಟ್ಟ ಕಾಸು, ಹಾಗಾಗಿ ಅದು ಎಣಿಸುತ್ತದೆ. ಸಂಚಾರ ದಂಡ ವಸೂಲಿ ಮಾಡುವವರಿಗೆ ಹಾಗಲ್ಲ. ಅವರ ಕಣ್ಣಿಗೆ ಬೀಳುವುದು ಬಂದ ಕಾಸು ಮಾತ್ರ. ನನ್ನ ಅನುಮಾನ ತಪ್ಪಿರಲೂಬಹುದು.

ಉತ್ತರ 4: ಕೋಲಾರದಿಂದ

ಎಲ್ಲರೂ ಬಹಳ ತಾಂತ್ರಿಕವಾಗಿ ಬರೆದಿದ್ದೀರಿ. ನನ್ನದೊಂದು ಅಡ್ಡ ಪ್ರಶ್ನೆ. ನನ್ನ ಬೈಕಿನ ಮೇಲೆ ಹಲವು ವರ್ಷ ಕನ್ನಡ ಅಂಕಿಗಳಿದ್ದವು. ನನ್ನ ನಾಡಿನಲ್ಲಿ ನನ್ನ ಲಿಪಿ ಎಂಬ ಅಭಿಮಾನದಿಂದ ಬರೆಸಿಕೊಂಡದ್ದು, ಯಾರಿಂದಲೂ ತಪ್ಪಿಸಿಕೊಳ್ಳಲಿಕ್ಕಲ್ಲ. ಅದೂ ‘ಓದಲಾಗದ ಪ್ಲೇಟ್’ ಎಂಬ ಲೆಕ್ಕಕ್ಕೇ ಸೇರುತ್ತದೆಯೇ? ಎಂಟು ಸೊನ್ನೆ ಐದು ಐದನ್ನು ತಿರುಚಿ ‘ಬಾಸ್’ ಎಂದು ಬರೆಸಿಕೊಳ್ಳುವವನೂ ನಾನೂ ಒಂದೇ ಕಾಲಂನಲ್ಲಿ ಕೂರುವುದು ನನಗೆ ಒಪ್ಪಿಗೆಯಿಲ್ಲ.

ಉತ್ತರ 5: ಕಂಬದ ಮೇಲಿನವ

ಯಂತ್ರದ ಮಟ್ಟಿಗೆ ಇಬ್ಬರೂ ಒಂದೇ. ಅದಕ್ಕೆ ಕಲಿಸಿರುವುದು ಇಂಗ್ಲಿಷ್ ಅಕ್ಷರ ಮತ್ತು 0ಯಿಂದ 9ರವರೆಗಿನ ಅಂಕಿ. ಕೇಂದ್ರದ 50ನೇ ನಿಯಮ ಕಡ್ಡಾಯ ಮಾಡಿರುವುದೂ ಅದನ್ನೇ. ಕನ್ನಡದ ಸೊನ್ನೆ ಒಂದೇ ಅದಕ್ಕೆ ಸಲೀಸಾಗಿ ಅರ್ಥವಾಗುವುದು, ಮಿಕ್ಕವನ್ನು ಬಿಡುತ್ತದೆ ಅಥವಾ ಏನೋ ಊಹಿಸುತ್ತದೆ. ಊಹೆಯೇ ಹೆಚ್ಚು ಅಪಾಯ, ಏಕೆಂದರೆ ನೋಟಿಸು ಬೂದು ಸ್ಕೂಟರಿನವರಂತಹ ಇನ್ಯಾರದೋ ಮನೆಗೆ ಹೋಗುತ್ತದೆ. ಕನ್ನಡ ಅಂಕಿಗಳನ್ನು ಗುರುತಿಸುವಂತೆ ತಂತ್ರಾಂಶಕ್ಕೆ ಕಲಿಸುವುದು ಇವತ್ತು ಕಷ್ಟದ ಕೆಲಸವಲ್ಲ. ಆದರೆ ನಿಯಮದಲ್ಲಿ ಇಲ್ಲದ್ದನ್ನು ಯಾವ ಗುತ್ತಿಗೆದಾರನೂ ಕಲಿಸಲು ಹೋಗುವುದಿಲ್ಲ.

ಆದರೂ ನಿಮ್ಮ ಆಕ್ಷೇಪ ಸರಿಯಾಗಿದೆ. ವರದಿಯಲ್ಲಿ ಬೇರೆ ಲಿಪಿ, ಅಲಂಕಾರದ ಅಕ್ಷರ, ಕೊಳೆ, ಮಡಚಿದ ಪ್ಲೇಟ್, ಅಡ್ಡ ಬಂದ ಸರಕು, ಕ್ಯಾಮೆರಾದ ಕೋನ, ಇವೆಲ್ಲ ಬೇರೆಬೇರೆ ಇರಬೇಕು. 2023ರ ಆಗಸ್ಟ್‌ನಲ್ಲಿ ಕರ್ನಾಟಕ ಸರ್ಕಾರ 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷತಾ ಪ್ಲೇಟ್ ಕಡ್ಡಾಯ ಮಾಡಿ, ಆ ವರ್ಷದ ನವೆಂಬರ್ 17ರ ಗಡುವು ಕೊಟ್ಟು, ಆಮೇಲೆ ಗಡುವನ್ನು ಮತ್ತೆಮತ್ತೆ ಮುಂದಕ್ಕೆ ಹಾಕಿದ್ದು ಗೊತ್ತೇ ಇದೆ. ಎಲ್ಲ ಪ್ಲೇಟಿಗೂ ಒಂದೇ ಅಚ್ಚು, ಪ್ರತಿಫಲಿಸುವ ಹಾಳೆ, ಬಿಚ್ಚಲಾಗದ ಬೀಗ ಬಂದರೆ ಓದುವಿಕೆ ಸುಧಾರಿಸಬೇಕು. ಸುಧಾರಿಸಿತೇ ಎಂದು ತಿಳಿಯಲು ಹಳೆಯ ಪ್ಲೇಟಿನ ಓದುವಿಕೆ ಮತ್ತು ಹೊಸ ಪ್ಲೇಟಿನ ಓದುವಿಕೆಯನ್ನು ಪಕ್ಕಪಕ್ಕದಲ್ಲಿಟ್ಟ ಒಂದು ಕೋಷ್ಟಕ ಸಾಕು. ಜನ ದುಡ್ಡು ಕೊಟ್ಟು ಪ್ಲೇಟ್ ಹಾಕಿಸಿಕೊಂಡ ಮೇಲೆ ಆ ಕೋಷ್ಟಕವನ್ನು ಕೇಳುವ ಹಕ್ಕೂ ಅವರಿಗೆ ಬಂದಂತೆಯೇ.

ಎರಡು ವರ್ಷ ತಿಕ್ಕಿ ತೊಳೆದ ಮೇಲೆ ನನ್ನ ಕಾರಿನ ಹೊಸ ಪ್ಲೇಟಿನಲ್ಲೂ ಒಂದು ಅಕ್ಷರದ ಕಪ್ಪು ಅಂಚಿನಿಂದ ಎದ್ದಿದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಮೂಲ ಪ್ರಶ್ನೆ ಕೇಳಿದವರಿಂದ: ಬೂದು ಸ್ಕೂಟರ್

ಎಲ್ಲರಿಗೂ ಧನ್ಯವಾದಗಳು. ಅರ್ಜಿಯ ಕರಡನ್ನು ಹೀಗೆ ಬರೆದಿದ್ದೇನೆ:

‘ಸಂಚಾರ ಜಾರಿ ಕ್ಯಾಮೆರಾಗಳಿಗೆ ಸಂಬಂಧಿಸಿ ಕಳೆದ ಹನ್ನೆರಡು ತಿಂಗಳ ಈ ಕೆಳಗಿನ ದಾಖಲೆಗಳ ದೃಢೀಕೃತ ಪ್ರತಿಗಳನ್ನು ಒದಗಿಸುವುದು. ಕ್ಯಾಮೆರಾಗಳು ದಾಖಲಿಸಿದ ಒಟ್ಟು ವಾಹನಗಳ ಹಾಗೂ ಉಲ್ಲಂಘನೆಗಳ ಮಾಸಿಕ ಸಂಖ್ಯೆ. ಪರಿಶೀಲನೆಯ ಹಂತದಲ್ಲಿ ತಿರಸ್ಕರಿಸಿದ ಪ್ರಕರಣಗಳ ಮಾಸಿಕ ಸಂಖ್ಯೆ, ತಿರಸ್ಕಾರದ ಕಾರಣವಾರು. ತಿರಸ್ಕಾರಕ್ಕೆ ಬಳಸುವ ಕಾರಣಗಳ ಪಟ್ಟಿ. ನೋಂದಣಿ ಸಂಖ್ಯೆಯನ್ನು ತಪ್ಪಾಗಿ ಓದಿದ್ದರಿಂದ ನಂತರ ರದ್ದುಪಡಿಸಿದ ನೋಟಿಸುಗಳ ಮಾಸಿಕ ಸಂಖ್ಯೆ. ನಿರ್ವಹಣಾ ಗುತ್ತಿಗೆದಾರರು ಸಲ್ಲಿಸಿದ ಮಾಸಿಕ ಕಾರ್ಯಕ್ಷಮತೆ ವರದಿಗಳು ಹಾಗೂ ಓದುವಿಕೆಯ ನಿಖರತೆಗೆ ಸಂಬಂಧಿಸಿದ ಗುತ್ತಿಗೆ ಷರತ್ತಿನ ಪ್ರತಿ.’

ಕೋಲಾರದವರ ಆಕ್ಷೇಪಕ್ಕೆ ಉತ್ತರವಾಗಿಯೇ ‘ಕಾರಣವಾರು’ ಎಂಬ ಪದ ಸೇರಿಸಿದ್ದೇನೆ. ನನ್ನ ಕಥೆಯನ್ನು ಬರೆದಿಲ್ಲ. ಬರೆಯಬೇಕೆಂದು ಕೈ ಕಡಿಯಿತು ಎಂಬುದು ನಿಜ.

ಉತ್ತರ 6: ನಮೂನೆ ಎ

ಕರಡು ಚೆನ್ನಾಗಿದೆ, 150 ಪದಗಳ ಮಿತಿಯೊಳಗೂ ಇದೆ. ಎರಡು ತಿದ್ದುಪಡಿ. ‘ಕಳೆದ ಹನ್ನೆರಡು ತಿಂಗಳು’ ಎನ್ನುವ ಬದಲು ಆರಂಭದ ಮತ್ತು ಕೊನೆಯ ದಿನಾಂಕಗಳನ್ನು ನಮೂದಿಸಿ. ಇಲ್ಲದಿದ್ದರೆ ಮೇಲ್ಮನವಿಯ ಹೊತ್ತಿಗೆ ಯಾವ ಹನ್ನೆರಡು ತಿಂಗಳು ಎಂಬ ಜಗಳ ಶುರುವಾಗುತ್ತದೆ. ಮೊದಲ ಸಾಲಿನಲ್ಲಿ ಒಟ್ಟು ವಾಹನಗಳ ಸಂಖ್ಯೆ ಕೇಳಿದ್ದೀರಲ್ಲ, ಅದರ ಮುಂದೆ ‘ಪ್ಲೇಟ್ ಗುರುತಿಸಿದವು ಮತ್ತು ಗುರುತಿಸದವು ಪ್ರತ್ಯೇಕವಾಗಿ’ ಎಂದು ಸೇರಿಸಿ. ಎರಡನೆಯ ಅಂಕಣಕ್ಕೆ ‘ಮಾಹಿತಿ ಲಭ್ಯವಿಲ್ಲ’ ಎಂದೇ ಬರಬಹುದು. ಬಂದರೆ ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಓದಲಾಗದವು ಲೆಕ್ಕಕ್ಕೆ ಬರುವುದಿಲ್ಲ ಎಂದು ಆ ಸಿಬ್ಬಂದಿ ಬಾಯಲ್ಲಿ ಹೇಳಿದ್ದನ್ನೇ ಇಲಾಖೆ ಸಹಿ ಹಾಕಿ ಹೇಳಿದಂತಾಗುತ್ತದೆ, ಮೊದಲ ಮೇಲ್ಮನವಿಗೆ ಅದನ್ನೇ ಲಗತ್ತಿಸಬಹುದು.